ಮನೆಯವರ ಕೆಲಸಕ್ಕೆ ಹಗುರ ಲ್ಯಾಪ್‌ಟಾಪ್



ಬೆಳಿಗ್ಗೆ ಬೆಳ್ಮಣ್ ಪೇಟೆಯಲ್ಲಿ ನಿಂತು ನೋಡಿ. ಒಂದು ಬಸ್ಸು ನಿಟ್ಟೆ ದಾಟಿ ಕಾರ್ಕಳಕ್ಕೆ ಹೋಗುತ್ತದೆ. ಇನ್ನೊಂದು ನಂದಿಕೂರು ದಾಟಿ ಪಡುಬಿದ್ರಿಗೆ ಹೋಗುತ್ತದೆ. ಬಸ್ಸು ಹತ್ತುವ ಗಂಡಸರ ಹೆಗಲಲ್ಲಿ ಕಪ್ಪು ಚೀಲ. ಮೊದಲೆಲ್ಲ ಚೀಲದಲ್ಲಿ ಬುತ್ತಿ, ಕೊಡೆ, ಒಂದು ಡೈರಿ ಇರುತ್ತಿತ್ತು. ಈಗ ಅದರ ಜೊತೆಗೆ ಲ್ಯಾಪ್‌ಟಾಪ್ ಸೇರಿದೆ.

ಲ್ಯಾಪ್‌ಟಾಪ್ ಎಂದರೆ ಮಡಚುವ ಕಂಪ್ಯೂಟರ್. ಪುಸ್ತಕದ ಹಾಗೆ ತೆರೆಯುತ್ತದೆ. ಮೇಲಿನ ಭಾಗದಲ್ಲಿ ಪರದೆ. ಕೆಳಗಿನ ಭಾಗದಲ್ಲಿ ಅಕ್ಷರದ ಗುಂಡಿಗಳು. ಅದರ ಅಡಿಯಲ್ಲಿ ಬ್ಯಾಟರಿ. ಇಂಗ್ಲಿಷಿನಲ್ಲಿ ಲ್ಯಾಪ್ ಎಂದರೆ ಮಡಿಲು. ಮಡಿಲಲ್ಲಿ ಇಟ್ಟು ಕೆಲಸ ಮಾಡಬಹುದು ಎಂದು ಈ ಹೆಸರು ಬಂತು. ಬೀಡಿ ಕಟ್ಟುವವರು ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲವೇ, ಹಾಗೆ.

ಅಂಗಡಿಗಳ ಲೆಕ್ಕ ಬರೆಯುವವರಿಗೆ ಲ್ಯಾಪ್‌ಟಾಪ್ ಬೇಕು. ವಿಮೆ ಮಾಡಿಸುವವರಿಗೆ ಬೇಕು. ಜಾಗ ಅಳೆಯುವ ಸರ್ವೆಯವರಿಗೆ ಬೇಕು. ಮದುವೆಯ ಫೋಟೋ ತೆಗೆಯುವವರಿಗೂ ಬೇಕು. ಬೇಕು ಎಂದಾಗ ಹಣ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಸ್ವಸಹಾಯ ಸಂಘದ ಸಾಲದಿಂದ. ಇಲ್ಲವೇ ಸೊಸೈಟಿಯಲ್ಲಿ ಅಡವಿಟ್ಟ ಬಳೆಯಿಂದ. ಸಂಘದ ಸಾಲ ಯಾರ ಹೆಸರಲ್ಲಿ ಉಂಟು? ನಿಮ್ಮ ಹೆಸರಲ್ಲಿ. ಬಳೆ ಯಾರದ್ದು? ನಿಮ್ಮದು. ಆದರೆ ಅಂಗಡಿಗೆ ಹೋಗುವವರು ಯಾರು? ಮನೆಯವರು, ಅವರ ಒಬ್ಬ ಸ್ನೇಹಿತರು. ಇದು ನಮಗೆ ಸರಿ ಕಾಣುವುದಿಲ್ಲ. ಕಂತು ಕಟ್ಟುವವರು ಅಂಗಡಿಗೂ ಹೋಗಬೇಕು.

"ನಮಗೆ ಅದೆಲ್ಲ ಎಂತ ಗೊತ್ತಾಗ್ತದೆ ಟೀಚರ್?" ಎಂದು ನೀವು ಕೇಳುತ್ತೀರಿ. ಬೀಡಿ ಬ್ರಾಂಚಿನಲ್ಲಿ ಎಲೆ ತೂಗುವಾಗ ನೀವು ತಕ್ಕಡಿ ನೋಡುತ್ತೀರೋ ಇಲ್ಲವೋ? ಮಲ್ಲಿಗೆ ಬೆಳೆದವರು ಈ ದಿನ ಅಟ್ಟೆಗೆ ಎಷ್ಟು ರೇಟು ಎಂದು ಕೇಳುತ್ತಾರೋ ಇಲ್ಲವೋ? ಲ್ಯಾಪ್‌ಟಾಪಿಗೂ ಅಷ್ಟೇ. ತೂಕ, ಗಂಟೆ, ರೂಪಾಯಿ. ಮೂರೂ ಅಂಕಿಗಳು. ಅಂಕಿ ಓದಲು ನೀವು ಕಲಿತಿದ್ದೀರಿ.

ಮೊದಲು ಕೆಲಸ, ಆಮೇಲೆ ಯಂತ್ರ

ಒಂದು ಹಳೆಯ ಮಾತು ಹೇಳುತ್ತೇವೆ. 1928ರಲ್ಲಿ ನಮ್ಮ ಉಡುಪಿಯ ಬ್ಯಾಂಕೊಂದು ಪಿಗ್ಮಿ ಯೋಜನೆ ಶುರು ಮಾಡಿತು. ಆ ಬ್ಯಾಂಕಿಗೆ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಬಂತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿಯವರು ಮನೆ ಮನೆಗೆ ಬಂದು ಎರಡಾಣೆಯನ್ನೂ ತೆಗೆದುಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಒಂದು ಪುಸ್ತಕ, ಒಂದು ಚೀಲ. ಬ್ಯಾಂಕಿನ ದೊಡ್ಡ ಲೆಡ್ಜರನ್ನು ಯಾರೂ ಹೊತ್ತುಕೊಂಡು ಬರಲಿಲ್ಲ. ಅದರ ಕೆಲಸ ಬ್ಯಾಂಕಿನ ಮೇಜಿನ ಮೇಲೆ. ತಿರುಗಾಡುವ ಕೆಲಸಕ್ಕೆ ಸಣ್ಣ ಪುಸ್ತಕ ಸಾಕಾಗಿತ್ತು.

ಲ್ಯಾಪ್‌ಟಾಪಿನಲ್ಲೂ ದೊಡ್ಡ ಲೆಡ್ಜರಿನಂಥವು ಉಂಟು, ಸಣ್ಣ ಪುಸ್ತಕದಂಥವೂ ಉಂಟು. ಹಾಗಾಗಿ ಅಂಗಡಿಗೆ ಹೋಗುವ ಮೊದಲ ದಿನ ರಾತ್ರಿ, ಊಟ ಆದ ಮೇಲೆ, ಮನೆಯವರ ಹತ್ತಿರ ಕೂತು ಕೇಳಿ.

"ನೀವು ದಿನಕ್ಕೆ ಎಷ್ಟು ಕಡೆ ಹೋಗ್ತೀರಿ? ಬಸ್ಸಿನಲ್ಲಾ, ಬೈಕಿನಲ್ಲಾ? ಅಲ್ಲಿ ಕೂತು ಕೆಲಸ ಮಾಡ್ಲಿಕ್ಕೆ ಮೇಜು ಉಂಟಾ? ಕರೆಂಟಿನ ಪ್ಲಗ್ ಸಿಗ್ತದಾ? ಅದರಲ್ಲಿ ಯಾವ ಸಾಫ್ಟ್‌ವೇರ್ ಓಡಬೇಕು?"

ಕೊನೆಯ ಪ್ರಶ್ನೆ ದೊಡ್ಡದು. ಸಾಫ್ಟ್‌ವೇರ್ ಎಂದರೆ ಯಂತ್ರದ ಒಳಗೆ ಕೆಲಸ ಮಾಡುವ ಲೆಕ್ಕದ ಕ್ರಮ. ಕಣ್ಣಿಗೆ ಕಾಣುವುದಿಲ್ಲ. ಅಂಗಡಿ ಲೆಕ್ಕಕ್ಕೆ ಟ್ಯಾಲಿ ಎಂಬುದು ಉಂಟು. ಅದನ್ನು ಮಾಡಿದ್ದು ನಮ್ಮ ಬೆಂಗಳೂರಿನ ಕಂಪನಿ. ಟ್ಯಾಲಿ ವಿಂಡೋಸ್ ಇರುವ ಯಂತ್ರಕ್ಕಾಗಿ ಮಾಡಿದ್ದು. ಆಪಲ್ ಕಂಪನಿಯ ಲ್ಯಾಪ್‌ಟಾಪ್ ಬಹಳ ಹಗುರ, ನೋಡಲಿಕ್ಕೂ ಚಂದ. ಆದರೆ ಅದರಲ್ಲಿ ಟ್ಯಾಲಿ ನೇರವಾಗಿ ಓಡುವುದಿಲ್ಲ. ಕ್ರೋಮ್‌ಬುಕ್ ಎಂಬುದು ಹಗುರವೂ ಹೌದು, ಕ್ರಯವೂ ಕಡಿಮೆ. ಅದರಲ್ಲೂ ಓಡುವುದಿಲ್ಲ. ಹಗುರ ಉಂಟು, ಚಂದ ಉಂಟು, ಕೆಲಸ ಮಾತ್ರ ಆಗುವುದಿಲ್ಲ ಎಂದರೆ ಎಂತ ಪ್ರಯೋಜನ?

ಇನ್ನೊಂದು ಮಾತು. ಎಲ್ಲರಿಗೂ ಹಗುರದ್ದೇ ಬೇಕು ಎಂದಿಲ್ಲ. ಮದುವೆ ವಿಡಿಯೋ ಜೋಡಿಸುವವರಿಗೆ ಹೆಚ್ಚು ಶಕ್ತಿಯ ಯಂತ್ರ ಬೇಕು. ಅದರ ಒಳಗೆ ಚಿತ್ರದ ಕೆಲಸಕ್ಕೇ ಒಂದು ಬೇರೆ ಭಾಗ, ಅದರ ಬಿಸಿ ಹೊರಹಾಕಲು ಫ್ಯಾನು ಇರುತ್ತದೆ. ಅದು ತೂಕ ಇರುವುದೇ. ಅವರು ಮನೆಯಲ್ಲಿ ಕೂತು ಆ ಕೆಲಸ ಮಾಡುತ್ತಾರೆ. ಹೆಗಲಿಗೆ ಹಾಕಿ ತಿರುಗಾಡುವುದಿಲ್ಲ. ಅಂಥವರು ಹಗುರಕ್ಕೆ ಹೆಚ್ಚು ಹಣ ಕೊಡುವುದು ದಂಡ. ನಾವು ಇಲ್ಲಿ ಹೇಳುವುದು ದಿನವೂ ಹೊತ್ತುಕೊಂಡು ತಿರುಗುವವರ ಮಾತು.

ತೂಕದ ಕಥೆ

ಹೊತ್ತುಕೊಂಡು ಹೋಗುವ ಕಂಪ್ಯೂಟರ್ ಮೊದಲು ಹೇಗಿತ್ತು ಗೊತ್ತಾ? 1981ರಲ್ಲಿ ಅಮೆರಿಕದಲ್ಲಿ ಆಸ್‌ಬಾರ್ನ್ ಎಂಬ ಕಂಪ್ಯೂಟರ್ ಬಂತು. ಹೊಲಿಗೆ ಮೆಷಿನಿನ ಪೆಟ್ಟಿಗೆಯ ಹಾಗೆ ಹಿಡಿ ಇತ್ತು. ತೂಕ ಸುಮಾರು 11 ಕಿಲೋ. ಒಂದು ಕೈಯಲ್ಲಿ 11 ಕಿಲೋ ಅಕ್ಕಿ ಹಿಡಿದು ನಡೆದ ಹಾಗೆ. 2008ರಲ್ಲಿ ಆಪಲ್ ಕಂಪನಿಯವರು ಕಾಗದದ ಲಕೋಟೆಯ ಒಳಗಿಂದ ಒಂದು ಲ್ಯಾಪ್‌ಟಾಪ್ ತೆಗೆದು ತೋರಿಸಿದರು. ಅದರ ತೂಕ 1 ಕಿಲೋ 360 ಗ್ರಾಂ. ಆಮೇಲೆ ಎಲ್ಲ ಕಂಪನಿಯವರೂ ತೂಕ ಇಳಿಸಲು ಹೊರಟರು.

ಈಗ ಅಂಗಡಿಯಲ್ಲಿ ಹೆಚ್ಚಾಗಿ ಎರಡು ಅಳತೆಯವು ಸಿಗುತ್ತವೆ. ಅಳೆಯುವುದು ಪರದೆಯನ್ನು, ಮೂಲೆಯಿಂದ ಮೂಲೆಗೆ, ಇಂಚಿನಲ್ಲಿ. ದೊಡ್ಡದು 15.6 ಇಂಚು. ಅದು ಹೆಚ್ಚಾಗಿ 1 ಕಿಲೋ 600 ಗ್ರಾಂನಿಂದ 1 ಕಿಲೋ 900 ಗ್ರಾಂ ತೂಗುತ್ತದೆ. ಸಣ್ಣದು 14 ಇಂಚು. ಅದು ಹೆಚ್ಚಾಗಿ 1 ಕಿಲೋ 300 ಗ್ರಾಂನಿಂದ ಒಂದೂವರೆ ಕಿಲೋ. 13 ಇಂಚಿನದ್ದು ಇನ್ನೂ ಹಗುರ, ಆದರೆ ಅಕ್ಷರ ಸಣ್ಣಗೆ ಕಾಣುತ್ತದೆ. ಆಟ ಆಡಲು ಮಾಡಿದ ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು, ಎರಡೂವರೆ ಕಿಲೋ ತನಕ ಹೋಗುತ್ತದೆ.

"ಒಂದು ಕಿಲೋ ಹೆಚ್ಚು ಕಡಿಮೆ ಆದ್ರೆ ಎಂತ ಆಗ್ತದೆ?" ಎಂದು ಕೇಳಬಹುದು. ಲೆಕ್ಕ ಮಾಡೋಣ. ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.

ಭಾರದ ಯಂತ್ರ 2,400 ಗ್ರಾಂ. ಅದರ ಚಾರ್ಜರ್ 600 ಗ್ರಾಂ. ದಪ್ಪ ಚೀಲ 800 ಗ್ರಾಂ. ಒಂದು ಲೀಟರ್ ನೀರು 1,000 ಗ್ರಾಂ. ಬುತ್ತಿ 500 ಗ್ರಾಂ. ಕೊಡೆ 300 ಗ್ರಾಂ. ಕೂಡಿಸಿ. 5,600 ಗ್ರಾಂ ಬಂತು.

ಹಗುರ ಯಂತ್ರ 1,400 ಗ್ರಾಂ. ಅದರ ಚಾರ್ಜರ್ 300 ಗ್ರಾಂ. ಚೀಲ 600 ಗ್ರಾಂ. ನೀರು, ಬುತ್ತಿ, ಕೊಡೆ ಮೊದಲಿನ ಹಾಗೆಯೇ. ಕೂಡಿಸಿ. 4,100 ಗ್ರಾಂ.

ವ್ಯತ್ಯಾಸ 1,500 ಗ್ರಾಂ. ಅಂದರೆ ಒಂದೂವರೆ ಕಿಲೋ. ಚಾರ್ಜರನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಅಂಗಡಿಯವರು ಅದರ ತೂಕ ಹೇಳುವುದೂ ಇಲ್ಲ. ನೀವೇ ಕೇಳಿ, ಕೈಯಲ್ಲಿ ಹಿಡಿದು ನೋಡಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಮನೆಯವರ ಚೀಲದಲ್ಲಿ ಎರಡೂವರೆ ಕಿಲೋ ಕುಚ್ಚಲಕ್ಕಿ ಕಟ್ಟಿ ಇಡಿ. ಒಂದು ದಿನ ಅದನ್ನೇ ಹೊತ್ತುಕೊಂಡು ಕಾರ್ಕಳಕ್ಕೆ ಹೋಗಿ ಬರಲಿ. ಮರುದಿನ ಒಂದೂವರೆ ಕಿಲೋ ಇಡಿ. ಯಾವುದು ಸಾಕು ಎಂದು ಸಂಜೆ ಅವರೇ ಹೇಳುತ್ತಾರೆ. ನಗಬೇಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಅಕ್ಕಿಯೂ ಹಾಳಾಗುವುದಿಲ್ಲ.

ನಮ್ಮ ಕಡೆಯ ಒಂದು ಮನೆಯಲ್ಲಿ ಆದದ್ದು ಕೇಳಿ. ಆ ಅಕ್ಕನ ಮನೆಯವರು ಐದಾರು ಅಂಗಡಿಗಳ ಲೆಕ್ಕ ಬರೆಯುತ್ತಾರೆ. ಈ ದಿನ ಬೆಳ್ಮಣ್, ನಾಳೆ ಕಾರ್ಕಳ, ನಾಡಿದ್ದು ಪಡುಬಿದ್ರಿ. ಸಂಘದಲ್ಲಿ ಸಾಲ ಎತ್ತಿ ಲ್ಯಾಪ್‌ಟಾಪ್ ಕೊಂಡರು. ಸ್ನೇಹಿತರೊಬ್ಬರು, "ತೆಗೆಯುವುದಾದರೆ ಪವರ್ ಇರುವುದೇ ತೆಗಿ ಮಾರಾಯ" ಎಂದರಂತೆ. ಬಂದದ್ದು ಗೇಮಿಂಗ್ ಲ್ಯಾಪ್‌ಟಾಪ್. ಒಳ್ಳೆಯ ಯಂತ್ರವೇ. ಆದರೆ ಬ್ಯಾಟರಿ ಎರಡು ಗಂಟೆಗೆ ಮುಗಿಯುತ್ತದೆ. ಅಂಗಡಿಯಲ್ಲಿ ಇರುವುದು ಒಂದೇ ಪ್ಲಗ್, ಅದರಲ್ಲಿ ಫ್ರಿಜ್ಜು. ನಾಲ್ಕು ತಿಂಗಳಲ್ಲಿ ಹೆಗಲು ನೋವು ಶುರುವಾಯಿತು. ಈಗ ಆ ಯಂತ್ರ ಮನೆಯ ಮೇಜಿನ ಮೇಲೆ ಕೂತಿದೆ. ಅವರು ಹಗಲು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಾರೆ. ರಾತ್ರಿ ಹನ್ನೊಂದು ಗಂಟೆ ತನಕ ಅದನ್ನೇ ಮತ್ತೆ ಯಂತ್ರಕ್ಕೆ ಹಾಕುತ್ತಾರೆ. ಒಂದು ಕೆಲಸ ಎರಡಾಯಿತು. ಅಕ್ಕನಿಗೆ ಇನ್ನೂ ಹದಿನಾಲ್ಕು ಕಂತು ಬಾಕಿ ಉಂಟು.

ಹಗುರ ಹೇಗೆ ಆಗುತ್ತದೆ? ಪರದೆ ಸಣ್ಣದಾದರೆ ತೂಕ ಇಳಿಯುತ್ತದೆ. ಸಿಡಿ ಹಾಕುವ ಭಾಗ ತೆಗೆದರೆ ಇಳಿಯುತ್ತದೆ. ಈಗಿನ ಹೆಚ್ಚಿನವುಗಳಲ್ಲಿ ಅದು ಇಲ್ಲವೇ ಇಲ್ಲ. ಮೈಯನ್ನು ಅಲ್ಯುಮಿನಿಯಂ, ಮೆಗ್ನೀಸಿಯಂ ಸೇರಿದ ಹಗುರ ಲೋಹದಲ್ಲಿ ಮಾಡಿದರೂ ಇಳಿಯುತ್ತದೆ, ಆಗ ಕ್ರಯ ಏರುತ್ತದೆ. ಕೆಲವರು ಬ್ಯಾಟರಿಯನ್ನೇ ಸಣ್ಣದು ಮಾಡಿ ಹಗುರ ಎಂದು ಮಾರುತ್ತಾರೆ. ಇಲ್ಲಿ ಎಚ್ಚರ ಬೇಕು.

ಹಗುರದ್ದಕ್ಕೆ ಕೊರತೆಗಳೂ ಉಂಟು. ಪೆನ್‌ಡ್ರೈವ್, ಪ್ರಿಂಟರ್ ಸಿಕ್ಕಿಸುವ ತೂತುಗಳು ಕಡಿಮೆ. ಮನೆಯವರ ಪ್ರಿಂಟರಿನ ವಯರು ಅದಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು. ತೆಳ್ಳಗಿನ ಯಂತ್ರ ರಿಪೇರಿಗೆ ಬಂದರೆ ಖರ್ಚು ಸ್ವಲ್ಪ ಹೆಚ್ಚು.

ಬ್ಯಾಟರಿ ಎಷ್ಟು ಗಂಟೆ?

ಕರೆಂಟು ಯಾವಾಗ ಹೋಗುತ್ತದೆ ಎಂದು ನಮ್ಮ ಊರಿನಲ್ಲಿ ಹೇಳಲಿಕ್ಕಾಗುವುದಿಲ್ಲ. ಮಳೆಗಾಲದಲ್ಲಿ ಒಂದು ಮರದ ಗೆಲ್ಲು ಬಿದ್ದರೆ ಸಾಕು. ಹಾಗಾಗಿ ಬ್ಯಾಟರಿ ಮುಖ್ಯ.

ಬ್ಯಾಟರಿಯ ಅಳತೆಗೆ ವ್ಯಾಟ್ ಅವರ್ ಎನ್ನುತ್ತಾರೆ. ಹೆದರಬೇಡಿ. ನಿಮಗೆ ಬಲ್ಬಿನ ವ್ಯಾಟ್ ಗೊತ್ತು. 10 ವ್ಯಾಟಿನ ಬಲ್ಬು ಒಂದು ಗಂಟೆ ಉರಿದರೆ 10 ವ್ಯಾಟ್ ಅವರ್ ಖರ್ಚು. ಐದು ಗಂಟೆ ಉರಿದರೆ 50. ಈಗ ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್ ಅವರ್ ಎಂದು ಇಟ್ಟುಕೊಳ್ಳಿ. ಲೆಕ್ಕ ಬರೆಯುವಂಥ ಸಣ್ಣ ಕೆಲಸಕ್ಕೆ ಅದು ಗಂಟೆಗೆ 10 ವ್ಯಾಟ್ ತಿಂದರೆ, ಐದು ಗಂಟೆ ಬರುತ್ತದೆ. ಅಂಗಡಿಯವರು "ಹತ್ತು ಗಂಟೆ ಬರ್ತದೆ ಅಕ್ಕಾ" ಎಂದರೆ, "ಬ್ಯಾಟರಿ ಎಷ್ಟು ವ್ಯಾಟ್ ಅವರ್ ಅಣ್ಣಾ?" ಎಂದು ಕೇಳಿ. 40ಕ್ಕಿಂತ 50 ಒಳ್ಳೆಯದು, 50ಕ್ಕಿಂತ 60 ಒಳ್ಳೆಯದು. ಎರಡು ಯಂತ್ರದ ತೂಕ ಒಂದೇ ಇದ್ದರೆ, ಈ ಅಂಕಿ ದೊಡ್ಡದು ಇರುವುದನ್ನು ನೋಡಿ. ಬ್ಯಾಟರಿ ಹಳೆಯದಾದ ಹಾಗೆ ಗಂಟೆ ಕಡಿಮೆ ಆಗುತ್ತಾ ಬರುತ್ತದೆ. ಅದಕ್ಕೆ ಮೊದಲೇ ಸ್ವಲ್ಪ ಹೆಚ್ಚು ಇರುವುದು ಕ್ಷೇಮ.

"ಇದನ್ನು ಚಾರ್ಜಿಗೆ ಇಟ್ಟರೆ ಮೆಸ್ಕಾಂ ಬಿಲ್ಲು ಏರ್ತದಾ?" ಎಂದು ಕೆಲವರು ಕೇಳಿದ್ದಾರೆ. ಒಂದು ಯೂನಿಟ್ ಎಂದರೆ 1,000 ವ್ಯಾಟ್ ಅವರ್. 50ರ ಬ್ಯಾಟರಿಯನ್ನು ಇಪ್ಪತ್ತು ಸಲ ತುಂಬಿಸಿದರೆ ಒಂದು ಯೂನಿಟ್, ಸ್ವಲ್ಪ ಪೋಲಾಗುವುದನ್ನು ಸೇರಿಸಿದರೆ ಒಂದಕ್ಕಿಂತ ತುಸು ಹೆಚ್ಚು. ಅದಕ್ಕೆ ಬಿಲ್ಲು ಏರುವುದಿಲ್ಲ. ನೀರಿನ ಪಂಪು, ಗ್ರೈಂಡರ್ ಅದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತವೆ.

ಈಗಿನ ಬಹಳ ಲ್ಯಾಪ್‌ಟಾಪುಗಳಿಗೆ ಮೊಬೈಲಿನ ಹಾಗೆ ಸಿ ಪಿನ್ನಿನ ಚಾರ್ಜರ್ ಉಂಟು. ಅದು ಸಣ್ಣದು, ಹಗುರ. ಆದರೆ ಮೊಬೈಲಿನ ಸಣ್ಣ ಚಾರ್ಜರ್ ಲ್ಯಾಪ್‌ಟಾಪಿಗೆ ಸಾಕಾಗುವುದಿಲ್ಲ. ಕಂಪನಿ ಹೇಳಿದಷ್ಟು ವ್ಯಾಟಿನದ್ದೇ ಬೇಕು.

ಅಡುಗೆ ಕಟ್ಟೆ ಮತ್ತು ಅಟ್ಟ

ಅಂಗಡಿಯಲ್ಲಿ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ರ‍್ಯಾಮ್, ಎಸ್.ಎಸ್.ಡಿ. ಎರಡನ್ನೂ ಜಿಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ.

ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಕಟ್ಟೆ ಅಗಲ ಇದ್ದರೆ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಮೀನು ಕೊಯ್ಯುವುದು ಒಟ್ಟಿಗೆ ಆಗುತ್ತದೆ. ಇಕ್ಕಟ್ಟಾದರೆ ಒಂದು ತೆಗೆದು ಇನ್ನೊಂದು ಇಡಬೇಕು. ಲೆಕ್ಕ, ಪತ್ರ, ಇಂಟರ್‌ನೆಟ್ಟಿಗೆ 8 ಜಿಬಿ ಸಾಕು, 16 ಇದ್ದರೆ ನಾಲ್ಕೈದು ವರ್ಷ ಯೋಚನೆ ಇಲ್ಲ. ಸರ್ವೆಯವರಿಗೆ, ಪ್ಲಾನ್ ಬಿಡಿಸುವವರಿಗೆ 16 ಬೇಕು. ಹಗುರ ಲ್ಯಾಪ್‌ಟಾಪಿನಲ್ಲಿ ಇದನ್ನು ಗಟ್ಟಿಯಾಗಿ ಕೇಳಲೇಬೇಕು. ಯಾಕೆಂದರೆ ತೆಳ್ಳಗೆ ಮಾಡಲು ಬಹಳ ಕಂಪನಿಯವರು ರ‍್ಯಾಮನ್ನು ಒಳಗೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಆಮೇಲೆ ಹೆಚ್ಚು ಮಾಡಲು ಬರುವುದಿಲ್ಲ. "ಇದಕ್ಕೆ ಮತ್ತೆ ರ‍್ಯಾಮ್ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿ. ಆಗುವುದಿಲ್ಲ ಎಂದರೆ ಮೊದಲೇ ಹೆಚ್ಚು ಇರುವುದನ್ನು ಕೊಳ್ಳಿ.

ಎಸ್.ಎಸ್.ಡಿ. ಎಂದರೆ ಅಟ್ಟ. ಸಾಮಾನು ಇಡುವ ಜಾಗ. ಫೋಟೋ, ಲೆಕ್ಕ, ಪತ್ರ ಎಲ್ಲ ಅಲ್ಲಿ ಉಳಿಯುತ್ತದೆ. ಹಿಂದಿನವುಗಳಲ್ಲಿ ಹಾರ್ಡ್‌ಡಿಸ್ಕ್ ಇತ್ತು. ಅದರ ಒಳಗೆ ತಟ್ಟೆ ತಿರುಗುತ್ತಿತ್ತು. ಬೈಕಿನಲ್ಲಿ ಹೊಂಡಕ್ಕೆ ಬಿದ್ದರೆ ಅದು ಹಾಳಾಗುವ ಭಯ. ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆ ಇಲ್ಲ. ಹಗುರವೂ ಹೌದು, ಬೇಗವೂ ಹೌದು. ನಮ್ಮ ಒಳರಸ್ತೆಗಳಿಗೆ ಇದೇ ಸರಿ.

ಪರದೆ ನೋಡುವಾಗ ಅಂಗಡಿಯ ಬಾಗಿಲಿನ ಹತ್ತಿರ, ಬೆಳಕಿನಲ್ಲಿ ನೋಡಿ. ಅಂಗಡಿಯ ಒಳಗೆ ಎಲ್ಲವೂ ಹೊಳೆಯುತ್ತದೆ. ಗುಂಡಿಗಳನ್ನು ಮನೆಯವರು ಒತ್ತಿ ನೋಡಲಿ.

ಕನ್ನಡದಲ್ಲಿ ಅರ್ಜಿ, ಪತ್ರ ಬರೆಯುವ ಕೆಲಸ ಇದ್ದರೆ ಅದನ್ನೂ ಹೇಳಿ. ಈಗ ಇಂಗ್ಲಿಷ್ ಗುಂಡಿಗಳಲ್ಲೇ ಕನ್ನಡ ಟೈಪ್ ಮಾಡಬಹುದು. ಕೆಲವೇ ಗುಂಡಿಗಳಲ್ಲಿ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಬರುವ ಹಾಗೆ ಕೀಲಿಮಣೆಯನ್ನು ಜೋಡಿಸಿ ಕೊಟ್ಟವರು ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ನಮ್ಮ ಕರಾವಳಿಯವರೇ. ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಅವರ ಕ್ರಮವೇ ಇರುವುದು. ಅದಕ್ಕೆ ಬೇರೆ ಯಂತ್ರ ಬೇಕಿಲ್ಲ.

ಅಂಗಡಿಯಲ್ಲಿ

ಪೆಟ್ಟಿಗೆಯನ್ನು ತಿರುಗಿಸಿ ಚೀಟಿ ಓದಿ. ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಆದರೆ ಅಂಕಿ ಅದೇ ಅಂಕಿ. ಕೆ.ಜಿ. ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಅಕ್ಕಿ ಚೀಲದ ಮೇಲೆ ನೋಡಿದ್ದೀರಿ. ಎಂ.ಆರ್.ಪಿ. ಎಂಬುದನ್ನು ಸಾಬೂನಿನ ಮೇಲೆ ನೋಡಿದ್ದೀರಿ. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿ ಹೆಚ್ಚೆಂದರೆ ಇಷ್ಟು ಎಂದು ಅರ್ಥ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಎಂ.ಆರ್.ಪಿ.ಗಿಂತ ಕಡಿಮೆಗೇ ಮಾರುತ್ತಾರೆ. ಹಾಗಾಗಿ "ಎಂ.ಆರ್.ಪಿ.ಗಿಂತ ಇಷ್ಟು ಸಾವಿರ ಬಿಟ್ಟೆ" ಎಂಬ ಮಾತಿಗೆ ಮರುಳಾಗಬೇಡಿ. ಎರಡು ಅಂಗಡಿಯಲ್ಲಿ ಕೇಳಿ. ಉಡುಪಿಯಲ್ಲಿ ಒಂದು, ಕಾರ್ಕಳದಲ್ಲಿ ಒಂದು. ಹೋಗುವ ಮೊದಲು ಫೋನ್ ಮಾಡಿ ಕೇಳಿದರೂ ಆಗುತ್ತದೆ.

ಚೀಟಿಯಲ್ಲಿ ತಯಾರಾದ ಅಥವಾ ಹೊರದೇಶದಿಂದ ತಂದ ತಿಂಗಳು, ವರ್ಷ ಇರುತ್ತದೆ. ಬಹಳ ಹಿಂದಿನದ್ದಾದರೆ "ಇದು ಯಾಕೆ ಇಷ್ಟು ದಿನ ಉಳಿದದ್ದು?" ಎಂದು ಕೇಳಿ. ಪೆಟ್ಟಿಗೆಯ ಮೇಲೆ ತೂಕ ಬರೆದಿದ್ದರೆ ಅದು ರಟ್ಟು, ಚಾರ್ಜರ್ ಎಲ್ಲ ಸೇರಿದ ತೂಕ ಆಗಿರಬಹುದು. ಯಂತ್ರದ ತೂಕವನ್ನು ಬೇರೆಯೇ ಕೇಳಿ. ಸಂಶಯ ಬಂದರೆ ಪಕ್ಕದ ದಿನಸಿ ಅಂಗಡಿಯಲ್ಲಿ ತಕ್ಕಡಿ ಉಂಟಲ್ಲ. ನಾಚಿಕೆ ಎಂತದ್ದು? ಚಾರ್ಜರಿನ ಮೇಲೆ ಬಿ.ಐ.ಎಸ್. ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರು ಇರಬೇಕು.

ಲ್ಯಾಪ್‌ಟಾಪಿಗೆ ಜಿ.ಎಸ್.ಟಿ. ನೂರಕ್ಕೆ 18 ರೂಪಾಯಿ. ಯಂತ್ರ 40,000 ಆದರೆ ತೆರಿಗೆ 7,200. ಒಟ್ಟು 47,200. "ಬಿಲ್ಲು ಬೇಡದಿದ್ದರೆ ಸ್ವಲ್ಪ ಕಡಿಮೆ ಮಾಡ್ತೇನೆ" ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಬಿಲ್ಲು ಇಲ್ಲದಿದ್ದರೆ ವಾರಂಟಿಯೂ ಇಲ್ಲ, ದೂರು ಕೊಡಲು ದಾರಿಯೂ ಇಲ್ಲ. ಮನೆಯವರ ಕೆಲಸ ಜಿ.ಎಸ್.ಟಿ.ಯಲ್ಲಿ ನೋಂದಣಿ ಆಗಿದ್ದರೆ ಅವರ ನಂಬರನ್ನು ಬಿಲ್ಲಿನಲ್ಲಿ ಬರೆಸಿ. ಆಗ ಆ 7,200 ರೂಪಾಯಿಯನ್ನು ಅವರು ಕಟ್ಟುವ ತೆರಿಗೆಯಲ್ಲಿ ಕಳೆಯಲು ಬರುತ್ತದೆ. ಒಂದು ನಂಬರು ಬರೆಸಲು ಮರೆತರೆ ಅಷ್ಟು ಹಣ ಹೋದ ಹಾಗೆ.

ಈಗ ಕಂತಿನ ಮಾತು. "ಬಡ್ಡಿಯೇ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿರುತ್ತಾರೆ. ತಿಂಗಳಿಗೆ 4,200ರ ಹಾಗೆ 12 ಕಂತು ಎಂದು ಇಟ್ಟುಕೊಳ್ಳಿ. ಗುಣಿಸಿ. 50,400. ಅದೇ ಯಂತ್ರ ಹಣ ಕೊಟ್ಟು ತೆಗೆದರೆ 47,200. ಹೆಚ್ಚು ಕೊಟ್ಟದ್ದು 3,200. ಮೇಲೆ ಅರ್ಜಿಯ ಶುಲ್ಕ 300, ಅದಕ್ಕೆ ಜಿ.ಎಸ್.ಟಿ. 54. ಒಟ್ಟು 3,554 ರೂಪಾಯಿ. ಇದರ ಹೆಸರು ಬಡ್ಡಿ ಅಲ್ಲದಿದ್ದರೆ ಮತ್ತೆಂತ? ಶೂನ್ಯ ಬಡ್ಡಿ ಎಂಬುದು ಇಲ್ಲ, ಅದು ಬೇರೆ ಹೆಸರಲ್ಲಿ ಒಳಗೆ ಸೇರಿರುತ್ತದೆ ಎಂದು 2013ರಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಸಂಘದ ಸಾಲಕ್ಕೆ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ, ಸೊಸೈಟಿಯ ಚಿನ್ನದ ಸಾಲಕ್ಕೆ ಎಷ್ಟು ಬೀಳುತ್ತದೆ, ಅಂಗಡಿಯ ಕಂತಿಗೆ ಎಷ್ಟು, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಯಾವುದು ಕಡಿಮೆಯೋ ಅದು. ಮೂರೂ ಭಾರ ಎಂದು ಕಂಡರೆ ನಾಲ್ಕು ತಿಂಗಳು ಕಾದು ಕೊಂಡರೂ ತಪ್ಪಿಲ್ಲ. ಲ್ಯಾಪ್‌ಟಾಪ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ದುಬಾಯಿಯಿಂದ ಬರುವುದು, ಹಳೆಯದು

ನಮ್ಮ ಊರಿನ ಎಷ್ಟೋ ಮನೆಯವರು ಗಲ್ಫಿನಲ್ಲಿ ಇದ್ದಾರೆ. "ಭಾವ ಬರುವಾಗ ಅಲ್ಲಿಂದಲೇ ತರ್ತಾರೆ" ಎನ್ನುತ್ತೇವೆ. ತರಲಿ, ಆದರೆ ಮೂರು ವಿಷಯ ಕೇಳಿ. ಗುಂಡಿಗಳ ಮೇಲೆ ಅರಬ್ಬಿ ಅಕ್ಷರವೂ ಇರಬಹುದು, ಅದು ದೊಡ್ಡ ತೊಂದರೆ ಅಲ್ಲ. ಪ್ಲಗ್ಗಿನ ಪಿನ್ನು ಚಪ್ಪಟೆ, ನಮ್ಮ ಗೋಡೆಗೆ ಹೋಗುವುದಿಲ್ಲ. ದೊಡ್ಡ ವಿಷಯ ವಾರಂಟಿ. ಕೆಲವು ವಾರಂಟಿ ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ. ಇಲ್ಲಿ ಕೆಟ್ಟರೆ ಕೈಯಿಂದ ಖರ್ಚು.

ಹಳೆಯ ಲ್ಯಾಪ್‌ಟಾಪೂ ಸಿಗುತ್ತದೆ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಹಗುರ ಯಂತ್ರಗಳು ಕೆಲವು ಸಲ ಅರ್ಧ ಕ್ರಯಕ್ಕೆ ಬರುತ್ತವೆ. ಗಟ್ಟಿ ಇರುತ್ತವೆ. ನೋಡಬೇಕಾದದ್ದು ಎರಡು. ಒಂದು, ಬ್ಯಾಟರಿ. ಅಂಗಡಿಯಲ್ಲೇ ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ, ಎಷ್ಟು ಇಳಿಯಿತು ನೋಡಿ. ಎರಡು, ವಿಂಡೋಸ್ 11 ಓಡುತ್ತದೆಯೇ ಎಂದು ಕೇಳಿ. ಯಾಕೆಂದರೆ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಮಾಮೂಲು ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಗಡಿಗಳ ಲೆಕ್ಕ, ಬ್ಯಾಂಕಿನ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಮನೆಗೆ ಬಂದ ಮೇಲೆ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಟಿ ತಿಂಗಳಲ್ಲಿ ಗೋಡೆಗೂ ಬೂಷ್ಟು ಹಿಡಿಯುತ್ತದೆ. ಚೀಲಕ್ಕೆ ಮಳೆಯ ಹೊದಿಕೆ ಬೇಕು. ಚೀಲ ಎರಡು ಹೆಗಲಿಗೂ ಹಾಕುವಂಥದ್ದು ಇರಲಿ. ಒಂದೇ ಹೆಗಲಿಗೆ ನೇತಾಡಿದರೆ ಹಗುರದ್ದೂ ಭಾರವೇ. ನೀರಿನ ಬಾಟಲಿ ಲ್ಯಾಪ್‌ಟಾಪಿನ ಖಾನೆಯಲ್ಲಿ ಬೇಡ, ಹೊರಗಿನ ಜೇಬಿನಲ್ಲಿ ಇರಲಿ. ಬುತ್ತಿಯ ಸಾರೂ ಹಾಗೆಯೇ. ಬಿಸಿಲಿಗೆ ಒಣಗಿಸುತ್ತೇನೆ ಎಂದು ಯಂತ್ರವನ್ನು ಅಂಗಳದಲ್ಲಿ ಇಡಬೇಡಿ. ಒಲೆಯ ಹತ್ತಿರವೂ ಬೇಡ. ಸಿಡಿಲು ಬರುವಾಗ ಚಾರ್ಜರನ್ನು ಗೋಡೆಯಿಂದ ತೆಗೆದುಬಿಡಿ. ಬ್ಯಾಟರಿ ಉಂಟಲ್ಲ, ಕೆಲಸ ನಿಲ್ಲುವುದಿಲ್ಲ.

ವಾರಂಟಿ ಎಷ್ಟು ವರ್ಷ, ಮನೆಗೇ ಬಂದು ರಿಪೇರಿ ಮಾಡುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ, ಹೋಗುವುದಾದರೆ ಮಣಿಪಾಲಕ್ಕೋ ಮಂಗಳೂರಿಗೋ, ಇದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ವಾರಂಟಿಯ ಒಳಗೆ ಕೆಟ್ಟು, ರಿಪೇರಿ ಮಾಡಿ ಕೊಡದೆ ಸತಾಯಿಸಿದರೆ 1915 ಎಂಬ ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಸರಿಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಉಂಟು. 5 ಲಕ್ಷದ ತನಕದ ದೂರಿಗೆ ಶುಲ್ಕ ಇಲ್ಲ. ಬಿಲ್ಲು ಯಾರ ಹೆಸರಲ್ಲಿ ಉಂಟೋ ಅವರು ದೂರು ಕೊಡುವುದು ಸುಲಭ.

ಬಿಲ್ಲನ್ನು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಕೆಲವು ಅಂಗಡಿಯವರು ಬಸ್ ಟಿಕೇಟಿನಂಥ ನುಣುಪು ಕಾಗದದಲ್ಲಿ ಬಿಲ್ಲು ಕೊಡುತ್ತಾರೆ. ಅದರ ಅಕ್ಷರ ಆರೇಳು ತಿಂಗಳಲ್ಲಿ ಮಾಸಬಹುದು. ಅದೇ ದಿನ ಪೇಟೆಯಲ್ಲಿ ಎರಡು ಝೆರಾಕ್ಸ್ ಮಾಡಿಸಿ. ಒಂದನ್ನು ಮನೆಯಲ್ಲಿ ಇಡಿ, ಒಂದನ್ನು ಸಂಘದ ಸಾಲದ ಪುಸ್ತಕದ ಒಳಗೆ ಇಡಿ. ಯಂತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಉದ್ದದ ನಂಬರು ಉಂಟು. ಬಿಲ್ಲಿನಲ್ಲೂ ಅದೇ ನಂಬರು ಇದೆಯೇ ಎಂದು ಅಂಗಡಿಯಲ್ಲೇ, ಒಂದೊಂದೇ ಅಂಕಿಗೆ ಬೆರಳಿಟ್ಟು, ಹೋಲಿಸಿ ನೋಡಿ.